ಸರಪಳಿಯ ಹಿಡಿ ಯಾರ ಕೈಯಲ್ಲಿ?

2020ರ ಡಿಸೆಂಬರ್ 12ರ ಬೆಳಗಿನ ಜಾವ ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಕಿಟಕಿ ಗಾಜುಗಳನ್ನು ಒಡೆದರು, ವಾಹನಗಳನ್ನು ಉರುಳಿಸಿದರು, ಬೆಂಕಿ ಹಚ್ಚಿದರು. ಅಲ್ಲಿ ಜೋಡಣೆಯಾಗುತ್ತಿದ್ದುದು ಅಮೆರಿಕದ ಆ್ಯಪಲ್ ಕಂಪನಿಯ ಐಫೋನ್. ಕಾರ್ಖಾನೆ ತೈವಾನ್ ಮೂಲದ ವಿಸ್ಟ್ರಾನ್ ಸಂಸ್ಥೆಯದು. ಕಾರ್ಮಿಕರ ಪೈಕಿ ಬಹುಪಾಲು ಜನರನ್ನು ನೇಮಿಸಿ ಒದಗಿಸಿದ್ದು ಗುತ್ತಿಗೆ ಏಜೆನ್ಸಿಗಳು. ಹೇಳಿದ ಸಂಬಳ ಕೈಗೆ ಬಂದಿಲ್ಲ, ಹೆಚ್ಚುವರಿ ಗಂಟೆಗಳ ಲೆಕ್ಕ ಸರಿಯಾಗಿಲ್ಲ ಎಂಬುದು ಕಾರ್ಮಿಕರ ದೂರಾಗಿತ್ತು.

ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅದರ ಬೆನ್ನಿಗೇ ಎದ್ದ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. ಇವರು ಯಾರ ಕಾರ್ಮಿಕರು? ಫೋನಿನ ಮೇಲೆ ಹೆಸರಿರುವ ಕಂಪನಿಯವರೋ, ಫೋನ್ ಜೋಡಿಸುವ ಕಂಪನಿಯವರೋ, ಸಂಬಳದ ಚೀಟಿ ಕೊಡುವ ಏಜೆನ್ಸಿಯವರೋ? ರಾಜ್ಯದ ಕಾರ್ಖಾನೆಗಳ ಇಲಾಖೆ ನಡೆಸಿದ ಪರಿಶೀಲನೆಯಲ್ಲಿ ಒಂದು ಮುಖ್ಯ ಸಂಗತಿ ಹೊರಬಿತ್ತು. ಅಲ್ಪಾವಧಿಯಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅಷ್ಟು ಜನರ ಹಾಜರಿ, ಪಾಳಿ, ಸಂಬಳಗಳನ್ನು ನಿಭಾಯಿಸುವ ವ್ಯವಸ್ಥೆ ಮಾತ್ರ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲ. ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಕಾಲದಲ್ಲಿ ಪಾವತಿಯಾಗಿಲ್ಲವೆಂದು ವಿಸ್ಟ್ರಾನ್ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. ಆ್ಯಪಲ್ ಅದಕ್ಕೆ ಹೊಸ ವ್ಯವಹಾರ ಕೊಡುವುದನ್ನು ಕೆಲಕಾಲ ತಡೆಹಿಡಿಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು.

ಈ ಪ್ರಕರಣ ಹಳೆಯದಾಯಿತು, ಆದರೆ ಅದರ ಹಿಂದಿನ ವ್ಯವಸ್ಥೆ ಹಳೆಯದಾಗಿಲ್ಲ. ಇಂದು ದೊಡ್ಡ ಕಂಪನಿಗಳು ತಯಾರಿಕೆಯನ್ನಷ್ಟೇ ಹೊರಗಿನವರಿಗೆ ವಹಿಸುತ್ತಿಲ್ಲ. ಯಾರಿಂದ ಏನು ಮಾಡಿಸಬೇಕು, ಎಲ್ಲಿಂದ ಎಲ್ಲಿಗೆ ಸಾಗಿಸಬೇಕು, ಯಾವಾಗ ಎಷ್ಟು ತರಿಸಬೇಕು ಎಂದು ನಿರ್ಧರಿಸಿ ಹೊಂದಿಸುವ ಕೆಲಸವನ್ನೂ, ಅಂದರೆ ಸಮನ್ವಯವನ್ನೇ, ಹೊರಗುತ್ತಿಗೆಗೆ ಕೊಡುತ್ತಿವೆ. ಲಾರಿ, ಹಡಗು, ಗೋದಾಮು ಒದಗಿಸುವವರನ್ನು ಸಾಗಣೆ ಉದ್ಯಮದಲ್ಲಿ ‘ಮೂರನೆಯ ಪಕ್ಷ’ ಎನ್ನುವುದು ವಾಡಿಕೆ. ಇವರೆಲ್ಲರನ್ನೂ ಕಂಪನಿಯ ಪರವಾಗಿ ನಿಭಾಯಿಸುವ ‘ನಾಲ್ಕನೆಯ ಪಕ್ಷ’ ಎಂಬ ಪರಿಕಲ್ಪನೆಯನ್ನು 1996ರಲ್ಲಿ ಚಲಾವಣೆಗೆ ತಂದದ್ದು ಈಗ ಆಕ್ಸೆಂಚರ್ ಎಂದು ಹೆಸರಾಗಿರುವ ಸಲಹಾ ಸಂಸ್ಥೆ. ಈ ನಾಲ್ಕನೆಯವನಿಗೆ ಸ್ವಂತ ಲಾರಿಯೂ ಇರಬೇಕಿಲ್ಲ, ಗೋದಾಮೂ ಇರಬೇಕಿಲ್ಲ. ಅವನು ಮಾರುವುದು ಮಾಹಿತಿ ಮತ್ತು ಹೊಂದಾಣಿಕೆ.

ಇದಕ್ಕೆ ಶ್ರೇಷ್ಠ ಉದಾಹರಣೆಯೆಂದರೆ ಹಾಂಗ್‌ಕಾಂಗ್‌ನ ಲೀ ಅಂಡ್ ಫಂಗ್. 1906ರಲ್ಲಿ ಚೀನಾದ ಕ್ಯಾಂಟನ್ ನಗರದಲ್ಲಿ ದಲ್ಲಾಳಿ ವ್ಯಾಪಾರವಾಗಿ ಆರಂಭವಾದ ಈ ಮನೆತನದ ಸಂಸ್ಥೆ ಮೂರನೆಯ ತಲೆಮಾರಿನ ವಿಕ್ಟರ್ ಮತ್ತು ವಿಲಿಯಂ ಫಂಗ್ ಸೋದರರ ಕಾಲದಲ್ಲಿ ಜಗತ್ತಿನ ಸಿದ್ಧ ಉಡುಪು ವ್ಯಾಪಾರದ ಸೂತ್ರಧಾರನಾಯಿತು. ಯುರೋಪಿನ ವ್ಯಾಪಾರಿಯೊಬ್ಬ 10,000 ಉಡುಪು ಬೇಕೆಂದರೆ ನೂಲನ್ನು ಕೊರಿಯಾದಿಂದ ಕೊಂಡು, ತೈವಾನ್‌ನಲ್ಲಿ ನೇಯಿಸಿ ಬಣ್ಣ ಹಾಕಿಸಿ, ಜಪಾನಿ ಕಂಪನಿಯ ಜಿಪ್ಪನ್ನು ಅದರ ಚೀನಾ ಘಟಕದಿಂದ ತರಿಸಿ, ಥಾಯ್ಲೆಂಡ್‌ನ ಐದು ಕಾರ್ಖಾನೆಗಳಲ್ಲಿ ಏಕಕಾಲಕ್ಕೆ ಹೊಲಿಸುವ ತನ್ನ ಕಾರ್ಯವಿಧಾನವನ್ನು ವಿಕ್ಟರ್ ಫಂಗ್ 1998ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಗೆ ವಿವರಿಸಿದ್ದರು. ಐದು ಕಾರ್ಖಾನೆಗಳಿಂದ ಬಂದ ಉಡುಪುಗಳು ಒಂದೇ ಕಡೆ ಹೊಲಿದಂತೆ ಕಾಣಬೇಕು. ಇಷ್ಟನ್ನೂ ಮಾಡಿಸುವ ಸಂಸ್ಥೆಗೆ ಸ್ವಂತದ ಒಂದು ಹೊಲಿಗೆ ಕಾರ್ಖಾನೆಯ ಅಗತ್ಯವೂ ಇರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಅಚ್ಚರಿಯ ಸಂಗತಿಯಲ್ಲ. ಎಲ್ಲವನ್ನೂ ಮಾರುಕಟ್ಟೆಯಲ್ಲಿ ಕೊಳ್ಳಬಹುದಾದರೆ ಕಂಪನಿಗಳಾದರೂ ಏಕಿರಬೇಕು ಎಂದು ರೊನಾಲ್ಡ್ ಕೋಸ್ 1937ರಷ್ಟು ಹಿಂದೆಯೇ ಕೇಳಿದ್ದರು. ಮಾರಾಟಗಾರನನ್ನು ಹುಡುಕುವುದು, ಚೌಕಾಶಿ ಮಾಡುವುದು, ಕರಾರು ಬರೆಯುವುದು, ಅದು ಪಾಲನೆಯಾಗುವಂತೆ ಕಾಯುವುದು, ಇವೆಲ್ಲಕ್ಕೂ ವೆಚ್ಚವಿದೆ. ಆ ವೆಚ್ಚ ಹೆಚ್ಚಿದ್ದರೆ ಕೆಲಸವನ್ನು ಮನೆಯೊಳಗೆ ಮಾಡಿಕೊಳ್ಳುವುದು ಲಾಭ, ಕಡಿಮೆಯಿದ್ದರೆ ಹೊರಗೆ ಮಾಡಿಸುವುದು ಲಾಭ ಎಂಬುದು ಅವರ ಉತ್ತರದ ಸಾರ. 1956ರಲ್ಲಿ ಮಾಲ್ಕಂ ಮೆಕ್‌ಲೀನ್ 58 ಕಂಟೇನರುಗಳನ್ನು ಹಡಗಿಗೇರಿಸಿ ನ್ಯೂಅರ್ಕ್‌ನಿಂದ ಹ್ಯೂಸ್ಟನ್‌ಗೆ ಕಳುಹಿಸಿದ ದಿನದಿಂದ ಸಾಗಣೆಯ ವೆಚ್ಚ ಇಳಿಯುತ್ತ ಬಂತು. ದೂರವಾಣಿ, ಗಣಕಯಂತ್ರ, ಅಂತರ್ಜಾಲ ಮಾಹಿತಿಯ ವೆಚ್ಚವನ್ನು ಇಳಿಸಿದವು. ಕೋಸ್ ಅವರ ತರ್ಕದಂತೆ ಕೆಲಸಗಳು ಒಂದೊಂದಾಗಿ ಕಂಪನಿಯ ಗೋಡೆಯಾಚೆ ಹೋದವು.

ಇದರಿಂದ ಆದ ಒಳಿತನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆಯಾದೀತು. ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ, ಮದ್ದೂರು ಶ್ರೀರಂಗಪಟ್ಟಣಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿರುವ ಹೆಣ್ಣುಮಕ್ಕಳಿಗೆ ತಿಂಗಳ ಸಂಬಳವೆಂಬುದು ದೊರೆತದ್ದು ಈ ಹಂಚಿಕೆಯಿಂದಲೇ. ‘ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು’ ಎಂಬ ನಮ್ಮ ಗಾದೆಯನ್ನು ಅಕ್ಷರಶಃ ಪಾಲಿಸಿದ್ದರೆ ಈ ಉದ್ಯೋಗಗಳಾವುವೂ ನಮ್ಮತ್ತ ಬರುತ್ತಿರಲಿಲ್ಲ. ಆದರೆ ಗಾದೆಯ ಒಳಗೊಂದು ಎಚ್ಚರಿಕೆಯಿದೆ. ಆಳಿಗೆ ಕೆಲಸ ಹೇಳಿದವನು ಹೊಲದ ಬದುವಿಗೆ ಹೋಗುವುದನ್ನೇ ಬಿಟ್ಟರೆ ಸ್ವಲ್ಪ ಕಾಲದಲ್ಲಿ ಅವನಿಗೆ ಹೊಲದ ಗಡಿಯೂ ಮರೆತುಹೋಗುತ್ತದೆ. ಸಮನ್ವಯವನ್ನೇ ಹೊರಗೆ ಕೊಟ್ಟಾಗ ಆಗುವುದೂ ಇದೇ. ಮೊದಲು ತಿಳಿವಳಿಕೆ ಹೋಗುತ್ತದೆ, ಅದರ ಹಿಂದೆ ಹೊಣೆಗಾರಿಕೆಯೂ ಹೋಗುತ್ತದೆ.

ತಿಳಿವಳಿಕೆ ಹೋದುದಕ್ಕೆ ಬೋಯಿಂಗ್ ಕಂಪನಿಯ 787 ವಿಮಾನದ ಕಥೆಗಿಂತ ದೊಡ್ಡ ನಿದರ್ಶನ ಬೇಕಿಲ್ಲ. 2004ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬೋಯಿಂಗ್ ಹಳೆಯ ಪದ್ಧತಿಯನ್ನು ಕೈಬಿಟ್ಟಿತು. ರೆಕ್ಕೆ ಜಪಾನಿನಲ್ಲಿ, ಒಡಲಿನ ಭಾಗಗಳು ಜಪಾನ್, ಇಟಲಿ ಮತ್ತು ಅಮೆರಿಕದ ಬೇರೆ ಬೇರೆ ಕಂಪನಿಗಳಲ್ಲಿ ಸಿದ್ಧವಾಗಬೇಕು. ವಿವರವಾದ ವಿನ್ಯಾಸ ಅವರದೇ, ತಮ್ಮ ಕೆಳಗಿನ ಪೂರೈಕೆದಾರರನ್ನು ನಿಭಾಯಿಸುವ ಹೊಣೆಯೂ ಅವರದೇ. ಬೋಯಿಂಗ್ ಕೊನೆಗೆ ದೊಡ್ಡ ತುಂಡುಗಳನ್ನು ಜೋಡಿಸಿದರೆ ಸಾಕು. ಇದು ಆಗಿನ ಲೆಕ್ಕಾಚಾರ. 2007ರ ಜುಲೈ 8ರಂದು ಸಡಗರದಿಂದ ಹೊರತಂದ ಮೊದಲ ವಿಮಾನ ಹೊರಗಿನಿಂದ ಸುಂದರವಾಗಿತ್ತು, ಆದರೆ ಒಳಗೆ ಬಹುತೇಕ ಟೊಳ್ಳಾಗಿತ್ತು. ಅದರ ಭಾಗಗಳನ್ನು ಹಿಡಿದಿಟ್ಟಿದ್ದ ಕೀಲುಗಳಲ್ಲಿ ಅನೇಕವು ತಾತ್ಕಾಲಿಕವಾದವು, ಏಕೆಂದರೆ ನಿಜವಾದವು ಸಕಾಲಕ್ಕೆ ದೊರೆತಿರಲಿಲ್ಲ. ಕೋಟ್ಯಂತರ ಡಾಲರಿನ ಯೋಜನೆ ಕೀಲುಗಳಿಗಾಗಿ ಕಾಯಬೇಕಾಯಿತು.

2008ರಲ್ಲಿ ಗ್ರಾಹಕರ ಕೈಸೇರಬೇಕಿದ್ದ ವಿಮಾನ ಸೇರಿದ್ದು 2011ರ ಸೆಪ್ಟೆಂಬರ್‌ನಲ್ಲಿ. ಈ ನಡುವೆ 2009ರಲ್ಲಿ ಬೋಯಿಂಗ್ ದಕ್ಷಿಣ ಕೆರೊಲಿನಾದಲ್ಲಿ ಒಡಲಿನ ಹಿಂಭಾಗ ತಯಾರಿಸುತ್ತಿದ್ದ ವಾಟ್ ಕಂಪನಿಯ ಘಟಕವನ್ನು 58 ಕೋಟಿ ಡಾಲರ್ ಕೊಟ್ಟು ತಾನೇ ಕೊಂಡಿತು. ಹೊರಗೆ ಕೊಟ್ಟ ಕೆಲಸವನ್ನು ಹಿಡಿತಕ್ಕೆ ತರಲು ಮನೆಯೊಳಗೆ ಕರೆದುಕೊಳ್ಳದೆ ಬೇರೆ ದಾರಿ ಉಳಿದಿರಲಿಲ್ಲ. ಪಾಠ ಅಲ್ಲಿಗೇ ಮುಗಿಯಲಿಲ್ಲ. 2005ರಲ್ಲಿ ಬೋಯಿಂಗ್ ಮಾರಿದ್ದ ವಿಚಿಟಾ ನಗರದ ಘಟಕ ಸ್ಪಿರಿಟ್ ಏರೋಸಿಸ್ಟಮ್ಸ್ ಎಂಬ ಪ್ರತ್ಯೇಕ ಕಂಪನಿಯಾಗಿತ್ತು. 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ ವಿಮಾನದಿಂದ ಬಾಗಿಲಿನ ಜಾಗ ಮುಚ್ಚಿದ್ದ ಫಲಕ ಆಕಾಶದಲ್ಲೇ ಕಿತ್ತುಹೋಯಿತು. ಆ ಒಡಲು ಬಂದದ್ದು ಸ್ಪಿರಿಟ್‌ನಿಂದ. ಅದರ ರಿವೆಟ್ ದೋಷ ಸರಿಪಡಿಸಲು ಬೋಯಿಂಗ್‌ನ ಜೋಡಣಾ ಕಾರ್ಖಾನೆಯಲ್ಲಿ ಫಲಕವನ್ನು ತೆಗೆಯಲಾಗಿತ್ತು. ಮತ್ತೆ ಕೂರಿಸುವಾಗ ನಾಲ್ಕು ಬೋಲ್ಟುಗಳನ್ನು ಯಾರೂ ಹಾಕಿರಲಿಲ್ಲ, ತೆಗೆದ ಬಗ್ಗೆ ಸರಿಯಾದ ದಾಖಲೆಯೂ ಇರಲಿಲ್ಲ. ಅದೇ ವರ್ಷ ಬೋಯಿಂಗ್ ಸ್ಪಿರಿಟ್ ಕಂಪನಿಯನ್ನು ಮರಳಿ ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು.

ವಿಮಾನ ಸಂಕೀರ್ಣ ಯಂತ್ರ, ಅದರ ಮಾತು ಬೇರೆ ಎನ್ನುವವರು ಕರಿದ ಕೋಳಿಯ ಉದಾಹರಣೆ ನೋಡಬಹುದು. 2018ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಕೆಎಫ್‌ಸಿ ತನ್ನ ಆಹಾರ ಸಾಗಣೆಯನ್ನು ಹಳೆಯ ಗುತ್ತಿಗೆದಾರನಿಂದ ತೆಗೆದು ಡಿಎಚ್‌ಎಲ್ ಮತ್ತು ಕ್ಯೂಎಸ್‌ಎಲ್ ಎಂಬ ಸಂಸ್ಥೆಗಳಿಗೆ ವಹಿಸಿತು. ಇಡೀ ದೇಶದ ಪೂರೈಕೆ ರಗ್ಬಿ ಪಟ್ಟಣದ ಒಂದೇ ಗೋದಾಮನ್ನು ಆಧರಿಸಿತ್ತು. ಕೆಲವೇ ದಿನಗಳಲ್ಲಿ ಸುಮಾರು 900 ಮಳಿಗೆಗಳ ಪೈಕಿ ಅರ್ಧಕ್ಕೂ ಹೆಚ್ಚು ಬಾಗಿಲು ಹಾಕಿದವು. ಕೋಳಿ ಮಾಂಸಕ್ಕೆ ದೇಶದಲ್ಲಿ ಬರವಿರಲಿಲ್ಲ. ಅದು ಅಂಗಡಿಗೆ ತಲುಪುವ ದಾರಿಯಷ್ಟೇ ಕಟ್ಟಿಹೋಗಿತ್ತು. ಕಂಪನಿ ಪತ್ರಿಕೆಗಳಲ್ಲಿ ಕ್ಷಮಾಪಣೆಯ ಜಾಹೀರಾತು ಕೊಟ್ಟಿತು. ಮರುತಿಂಗಳೇ ಉತ್ತರ ಭಾಗದ ಮಳಿಗೆಗಳ ಕೆಲಸ ಹಳೆಯ ಗುತ್ತಿಗೆದಾರನಿಗೆ ಹಿಂದಿರುಗಿತು.

ಇಂತಹ ಅನುಭವಕ್ಕೆ ಬ್ರಿಟನ್ನಿಗೆ ಹೋಗಬೇಕಿಲ್ಲ. ಸರ್ಕಾರಿ ಸೇವೆಯಲ್ಲಿದ್ದಾಗ ಜಿಲ್ಲೆಯೊಂದರಲ್ಲಿ ಪಡಿತರ ಧಾನ್ಯದ ಸಾಗಣೆಯನ್ನು ನೋಡಿಕೊಳ್ಳುವ ಹೊಣೆ ನನ್ನ ಮೇಲಿತ್ತು. ಸಗಟು ಗೋದಾಮಿನಿಂದ ನ್ಯಾಯಬೆಲೆ ಅಂಗಡಿಯವರೆಗಿನ ಇಡೀ ವ್ಯವಸ್ಥೆಯನ್ನು ಒಬ್ಬ ಗುತ್ತಿಗೆದಾರನಿಗೆ ಒಪ್ಪಿಸಿದಾಗ ಕಡತಗಳು ಕಡಿಮೆಯಾದವು, ವೆಚ್ಚವೂ ಇಳಿಯಿತು. ನಮಗೆಲ್ಲ ಸಂತೋಷವೇ ಆಯಿತು. ಲಾರಿಗಳ ದಾಖಲೆ ಬರೆಯುತ್ತಿದ್ದ ಹಿರಿಯ ಗುಮಾಸ್ತರನ್ನು ಬೇರೆ ಶಾಖೆಗೆ ಹಾಕಿದೆವು. ಎರಡನೆಯ ವರ್ಷದ ಮಳೆಗಾಲದಲ್ಲಿ ಸೇತುವೆಯೊಂದು ಕುಸಿದು ಒಂದು ಹೋಬಳಿಯ ಸಂಪರ್ಕ ಕಡಿದಾಗ ಅಕ್ಕಿ ತುಂಬಿದ ಲಾರಿಗಳು ಎಲ್ಲಿವೆ ಎಂದು ಗುತ್ತಿಗೆದಾರನನ್ನು ಕೇಳಿದೆವು. ಆತ ಕೆಲಸವನ್ನು ಇನ್ನೊಬ್ಬನಿಗೆ ಕೊಟ್ಟಿದ್ದ, ಆ ಇನ್ನೊಬ್ಬ ಬಿಡಿ ಲಾರಿ ಮಾಲೀಕರಿಗೆ ಹಂಚಿದ್ದ. ನಾಲ್ಕು ದಿನ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಕಡೆಗೆ ಆ ಗುಮಾಸ್ತರನ್ನೇ ಕರೆಸಿದೆವು. ಯಾವ ಊರಿಗೆ ಯಾವ ಹಳೆಯ ದಾರಿಯಿದೆ, ಅಲ್ಲಿ ಯಾರ ಲಾರಿ ಓಡುತ್ತದೆ ಎಂಬುದು ಅವರ ನೆನಪಿನಲ್ಲಿತ್ತು. ಗುತ್ತಿಗೆ ಪತ್ರದಲ್ಲಿ ದಂಡದ ಷರತ್ತೇನೋ ಇತ್ತು. ದಂಡ ವಸೂಲಿಯಿಂದ ಆ ವಾರ ಯಾರ ಮನೆಯ ಒಲೆಯೂ ಉರಿಯುತ್ತಿರಲಿಲ್ಲ. ತಪ್ಪು ಗುತ್ತಿಗೆದಾರನದಷ್ಟೇ ಆಗಿರಲಿಲ್ಲ, ನಮ್ಮದೂ ಆಗಿತ್ತು.

ಅಕ್ಕಿ ತಡವಾದರೆ ಹೇಗೋ ಸರಿದೂಗಿಸಬಹುದು. ಜೀವ ಹೋದಾಗ ಏನು ಮಾಡುವುದು? 2012ರ ನವೆಂಬರ್ 24ರಂದು ಬಾಂಗ್ಲಾದೇಶದ ಢಾಕಾ ಬಳಿಯ ತಾಜ್ರೀನ್ ಉಡುಪು ಕಾರ್ಖಾನೆಯಲ್ಲಿ ಬೆಂಕಿ ಬಿದ್ದು ಕನಿಷ್ಠ 112 ಕಾರ್ಮಿಕರು ಸತ್ತರು. ಸುಟ್ಟ ಕಟ್ಟಡದಲ್ಲಿ ವಾಲ್‌ಮಾರ್ಟ್ ಮಾರುವ ಉಡುಪುಗಳ ಲೇಬಲ್ಲುಗಳು ಸಿಕ್ಕವು. ತನ್ನ ಪೂರೈಕೆದಾರನೊಬ್ಬ ಅನುಮತಿಯಿಲ್ಲದೆ ಕೆಲಸವನ್ನು ಅಲ್ಲಿಗೆ ಒಳಗುತ್ತಿಗೆ ಕೊಟ್ಟಿದ್ದನೆಂದು ವಾಲ್‌ಮಾರ್ಟ್ ಹೇಳಿತು. ಮೇಲೆ ಉಲ್ಲೇಖಿಸಿದ ಲೀ ಅಂಡ್ ಫಂಗ್ ಕೂಡ ಆ ಕಾರ್ಖಾನೆಗೆ ಬೇಡಿಕೆ ನೀಡಿದ್ದುದಾಗಿ ಒಪ್ಪಿಕೊಂಡು ಮೃತರ ಕುಟುಂಬಗಳಿಗೆ ಪರಿಹಾರ ಘೋಷಿಸಿತು. ಐದು ತಿಂಗಳ ನಂತರ, 2013ರ ಏಪ್ರಿಲ್ 24ರಂದು, ಢಾಕಾ ಸಮೀಪದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಮಡಿದರು. ಅಲ್ಲಿ ತಮ್ಮ ಉಡುಪು ತಯಾರಾಗುತ್ತಿತ್ತೇ ಇಲ್ಲವೇ ಎಂದು ತಿಳಿಯಲು ಕೆಲವು ಕಂಪನಿಗಳು ತಮ್ಮದೇ ಕಡತಗಳನ್ನು ತಿರುವಿಹಾಕಬೇಕಾಯಿತು. ‘ನಮಗೆ ಗೊತ್ತಿರಲಿಲ್ಲ’ ಎಂಬ ಮಾತು ಹಲವು ಸಂದರ್ಭಗಳಲ್ಲಿ ನಿಜವೇ ಇರಬಹುದು. ಗೊತ್ತಾಗದಿರುವಂತೆ ವ್ಯವಸ್ಥೆಯನ್ನು ಕಟ್ಟಿಕೊಂಡವರು ಯಾರು ಎಂಬುದೇ ಇಲ್ಲಿಯ ಪ್ರಶ್ನೆ.

ಈ ವಿಷಯದಲ್ಲಿ ಬೆಂಗಳೂರು ದೂರ ನಿಂತು ನೋಡುವ ಊರಲ್ಲ. ಸರಪಳಿಯ ಎರಡೂ ತುದಿಗಳು ಇಲ್ಲಿವೆ. ಪೀಣ್ಯದಲ್ಲಿ ಅಂಗಿ ಹೊಲಿಯುವ ಮಹಿಳೆಯೂ ಇಲ್ಲಿಯವಳು. ವೈಟ್‌ಫೀಲ್ಡ್‌ನ ಕಚೇರಿಯಲ್ಲಿ ಕುಳಿತು ಯಾವ ಕಂಟೇನರ್ ಯಾವ ಬಂದರಿನಲ್ಲಿದೆ, ಯಾವ ಪೂರೈಕೆದಾರನ ಬಿಲ್ಲು ಪಾವತಿಯಾಗಬೇಕು ಎಂದು ಪರದೆಯ ಮೇಲೆ ನೋಡುವ ಯುವಕನೂ ಇಲ್ಲಿಯವನು. ಹೊರಗುತ್ತಿಗೆ ಎಂಬ ಪದಕ್ಕೆ ಜಗತ್ತಿನಲ್ಲಿ ಹೆಸರು ತಂದುಕೊಟ್ಟ ನಗರವಿದು. ಹೊರಗಿನ ಸಂಸ್ಥೆಗಳಿಗೆ ವಹಿಸಿದ್ದ ಇಂತಹ ಕೆಲಸಗಳನ್ನು ಅನೇಕ ಬಹುರಾಷ್ಟ್ರೀಯ ಕಂಪನಿಗಳು ಈಗ ಇದೇ ನಗರದಲ್ಲಿ ತಮ್ಮದೇ ಕೇಂದ್ರಗಳನ್ನು ತೆರೆದು ಮಾಡಿಸುತ್ತಿವೆ. ಕೆಲಸ ದೂರದಲ್ಲಿ ನಡೆದರೂ ಹಿಡಿತ ಮನೆಯಲ್ಲಿರಲಿ ಎಂಬ ವಿವೇಕವೂ ಇದರ ಹಿಂದೆ ಇದೆ ಎನ್ನಬಹುದು. ವಿಪರ್ಯಾಸವೆಂದರೆ ಕಂಟೇನರ್ ಎಲ್ಲಿದೆ ಎಂದು ಕ್ಷಣದಲ್ಲಿ ಹೇಳಬಲ್ಲ ವ್ಯವಸ್ಥೆಗೆ ಅದರೊಳಗಿನ ಅಂಗಿಯನ್ನು ಹೊಲಿದವರಿಗೆ ಸಂಬಳ ಸಂದಿದೆಯೇ ಎಂದು ಹೇಳಲು ಬರುವುದಿಲ್ಲ. ತಂತ್ರಜ್ಞಾನದ ಅಭಾವ ಇದಕ್ಕೆ ಕಾರಣವಲ್ಲ. ಆ ಪ್ರಶ್ನೆಯನ್ನು ಕೇಳಬೇಕೆಂದು ಯಾರೂ ಹೇಳಿಲ್ಲ, ಅಷ್ಟೆ.

ಹೇಳಬೇಕಾದದ್ದು ಕಾನೂನು. ನಮ್ಮ ದೇಶದ ಶಾಸನಕ್ಕೆ ಈ ವಿಚಾರ ಹೊಸದೇನಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು, ಆಮೇಲೆ ಅದನ್ನು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಆ ಕಾಯ್ದೆ ವಿಲೀನವಾಯಿತಾದರೂ ಈ ತತ್ತ್ವ ಉಳಿದಿದೆ. ಆದರೆ ಗುತ್ತಿಗೆ ಕಾರ್ಮಿಕರಿಗೆ ಸಂಬಂಧಿಸಿದ ಉಪಬಂಧಗಳು ಅನ್ವಯಿಸಲು ಬೇಕಾದ ಕನಿಷ್ಠ ಸಂಖ್ಯೆ ಮೂಲ ಕಾಯ್ದೆಯ 20ರಿಂದ 50ಕ್ಕೆ ಏರಿದೆ. ಕೆಲಸವನ್ನು ತುಂಡು ತುಂಡಾಗಿ ಸಣ್ಣ ಗುತ್ತಿಗೆದಾರರಿಗೆ ಹಂಚಿದಷ್ಟೂ ಕಾನೂನಿನ ಕಣ್ಣಿಗೆ ಬೀಳದಿರುವ ಸಾಧ್ಯತೆ ಹೆಚ್ಚು. ಇದಕ್ಕಿಂತ ಮುಖ್ಯವಾಗಿ, ಮೂಲ ಮಾಲೀಕನ ಹೊಣೆ ಕಾರ್ಖಾನೆಯ ಗೇಟಿಗೆ ಮುಗಿಯುತ್ತದೆ. ಗೇಟಿನ ಆಚೆ ಕುಳಿತು ಬೆಲೆ, ಗಡುವು, ಪ್ರಮಾಣಗಳನ್ನು ನಿರ್ಧರಿಸುವ ಕಂಪನಿಯಾಗಲಿ, ಅದರ ಪರವಾಗಿ ಸಮನ್ವಯ ಮಾಡುವ ಮಧ್ಯವರ್ತಿಯಾಗಲಿ ಅದರ ವ್ಯಾಪ್ತಿಯಲ್ಲಿ ಬರುವುದಿಲ್ಲ.

ಆ ಗೇಟನ್ನು ದಾಟುವ ಪ್ರಯತ್ನ ಯುರೋಪಿನಲ್ಲಿ ನಡೆದಿದೆ. ದೊಡ್ಡ ಕಂಪನಿಗಳು ತಮ್ಮ ಪೂರೈಕೆದಾರರ ಬಗೆಗೂ ಎಚ್ಚರ ವಹಿಸಬೇಕೆಂದು ಫ್ರಾನ್ಸ್ 2017ರಲ್ಲಿ ಕಾನೂನು ಮಾಡಿತು. ಜರ್ಮನಿಯ ಕಾಯ್ದೆ 2023ರ ಜನವರಿಯಲ್ಲಿ ಜಾರಿಗೆ ಬಂತು. ಐರೋಪ್ಯ ಒಕ್ಕೂಟ 2024ರಲ್ಲಿ ತನ್ನ ಎಲ್ಲ ಸದಸ್ಯ ರಾಷ್ಟ್ರಗಳಿಗೆ ನಿರ್ದೇಶನ ಹೊರಡಿಸಿ, ಉದ್ಯಮಗಳ ಒತ್ತಡಕ್ಕೆ ಮಣಿದು 2025ರಲ್ಲಿ ಅದರ ಜಾರಿಯನ್ನು ಮುಂದೂಡಿತು. ಇತರರ ಕಾನೂನು ನಮ್ಮ ಕಾರ್ಮಿಕರನ್ನು ಕಾಯುತ್ತದೆಂದು ನಂಬಿ ಕೂರುವುದು ಜಾಣತನವಲ್ಲ.

ನಮ್ಮಲ್ಲಿ ಮೂರು ಕ್ರಮಗಳು ಸಾಧ್ಯ. ಮೊದಲನೆಯದು, ಸರಪಳಿ ಕಾಣುವಂತಿರಬೇಕು. ನೈಕಿ ಕಂಪನಿ ತನ್ನ ಪೂರೈಕೆ ಕಾರ್ಖಾನೆಗಳ ಪಟ್ಟಿಯನ್ನು 2005ರಲ್ಲೇ ಪ್ರಕಟಿಸಿತ್ತು, ಅದರಿಂದ ಅದರ ವ್ಯಾಪಾರವೇನೂ ನಿಂತುಹೋಗಲಿಲ್ಲ. ರಾಜ್ಯದಿಂದ ಭೂಮಿ, ನೀರು, ತೆರಿಗೆ ರಿಯಾಯಿತಿ ಪಡೆಯುವ ಪ್ರತಿಯೊಂದು ಉದ್ಯಮವೂ ಒಳಗುತ್ತಿಗೆದಾರರನ್ನೂ ಒಳಗೊಂಡ ಪಟ್ಟಿಯನ್ನು ಕಾರ್ಮಿಕ ಇಲಾಖೆಗೆ ಕೊಡಬೇಕು, ಅದು ಸಾರ್ವಜನಿಕರಿಗೆ ಲಭ್ಯವಿರಬೇಕು. ಎರಡನೆಯದು, ಸಂಬಳ ಮತ್ತು ಸುರಕ್ಷತೆಯ ಹೊಣೆ ಎಷ್ಟು ಹಂತ ಇಳಿದರೂ ಮೇಲಿನವನನ್ನು ಬಿಡಬಾರದು. ರಿಯಾಯಿತಿಯ ಕರಾರಿನಲ್ಲೇ ಈ ಷರತ್ತು ಸೇರಿಸಲು ಹೊಸ ಕಾಯ್ದೆಯೂ ಬೇಕಿಲ್ಲ. ಮೂರನೆಯದು, ಸರ್ಕಾರ ತನ್ನ ಮನೆಯಿಂದ ಆರಂಭಿಸಬೇಕು. ಔಷಧಿ, ಪಡಿತರ, ವಿದ್ಯಾರ್ಥಿನಿಲಯಗಳ ಆಹಾರ ಇವುಗಳ ಸಾಗಣೆಯನ್ನು ಹೊರಗೆ ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಪ್ರತಿ ಇಲಾಖೆಯಲ್ಲೂ ಆ ಸರಪಳಿಯನ್ನು ಬಲ್ಲ ಸ್ವಂತ ಸಿಬ್ಬಂದಿಯ ಒಂದು ಸಣ್ಣ ಘಟಕ ಉಳಿದಿರಬೇಕು. ಆ ಗುಮಾಸ್ತರ ದಾಖಲೆ ಪುಸ್ತಕವನ್ನು ನಾವು ಮುಚ್ಚಬಾರದಾಗಿತ್ತು.

ಇಂತಹ ಬಿಗಿಯಿಂದ ಬಂಡವಾಳ ವಿಯೆಟ್ನಾಂ ಕಡೆಗೋ ಪಕ್ಕದ ರಾಜ್ಯಕ್ಕೋ ಹೋದೀತೆಂಬ ಆತಂಕವನ್ನು ಹಗುರವಾಗಿ ಕಾಣಲಾಗದು. ಈ ಆತಂಕಕ್ಕೆ ಬಾಂಗ್ಲಾದೇಶವೇ ಉತ್ತರ ಕೊಟ್ಟಿದೆ. ರಾಣಾ ಪ್ಲಾಜಾ ದುರಂತದ ಬಳಿಕ ಅಂತರರಾಷ್ಟ್ರೀಯ ಕಂಪನಿಗಳು ಕಾರ್ಮಿಕ ಸಂಘಟನೆಗಳೊಡನೆ ಕಾನೂನುಬದ್ಧ ಒಪ್ಪಂದಕ್ಕೆ ಸಹಿ ಹಾಕಿದವು. ಕಾರ್ಖಾನೆಗಳ ತಪಾಸಣೆಯಾಯಿತು, ಬಾಗಿಲು ಮೆಟ್ಟಿಲುಗಳು ಸರಿಯಾದವು. ಉಡುಪು ರಫ್ತು ಕುಸಿಯಲಿಲ್ಲ, ಮುಂದಿನ ವರ್ಷಗಳಲ್ಲಿ ಬೆಳೆಯಿತು. ಆದರೆ ಅಂತಹ ಒಪ್ಪಂದವಾಗಲು ಸಾವಿರಕ್ಕೂ ಹೆಚ್ಚು ಜನ ಸಾಯಬೇಕಾಯಿತು ಎಂಬುದನ್ನು ಮರೆಯಲಾಗದು.

ನರಸಾಪುರದಲ್ಲಿ ಒಡೆದ ಗಾಜುಗಳನ್ನು ಬದಲಾಯಿಸಿ ಬಹಳ ಕಾಲವಾಯಿತು. ಆ ಕಾರ್ಖಾನೆ ಮತ್ತೆ ನಡೆಯಿತು, ಬೆಳೆಯಿತು. ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಲಸವಿಲ್ಲದೆ ಕಂಗೆಟ್ಟಿದ್ದ ಜಿಲ್ಲೆಗೆ ಅದರ ಅಗತ್ಯವೂ ಇದೆ. ಇನ್ನು ಮುಂದೆ ಅಂತಹ ಕಾರ್ಖಾನೆಗಳನ್ನು ನಾಡಿಗೆ ಕರೆತರುವಾಗ ಎಷ್ಟು ಸಾವಿರ ಉದ್ಯೋಗ ಸೃಷ್ಟಿಯಾಗುತ್ತದೆ ಎಂದು ಕೇಳುವುದರ ಜೊತೆಗೆ ಆ ಉದ್ಯೋಗಗಳಿಗೆ ಕೊನೆಯ ಹೊಣೆ ಯಾರದು ಎಂದೂ ನಮ್ಮ ಸರ್ಕಾರ ಕೇಳಬೇಕು. ಒಬ್ಬರ ಹೆಸರು, ಒಂದು ವಿಳಾಸ ಬರಹದಲ್ಲಿ ಸಿಕ್ಕ ನಂತರವೇ ಒಪ್ಪಂದಕ್ಕೆ ಸಹಿ ಬೀಳಲಿ.